ಹತ್ತಿಯ ಬೆಲೆ, ಷೇರಿನ ಹುಚ್ಚು: ಶೇಠ್ ಪ್ರೇಮಚಂದ ರಾಯಚಂದರ ಚರಿತ್ರೆ

ಹಾವೇರಿ, ರಾಣೆಬೆನ್ನೂರುಗಳ ಅರಳೆಯ ಪೇಟೆಗೂ ಮುಂಬಯಿಯ ಹಣದ ಪೇಟೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಧಾರವಾಡ ಸೀಮೆಯ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರದಿಂದ ಮುಂಬಯಿಗೂ, ಅಲ್ಲಿಂದ ವಿಲಾಯತಿಗೂ ಸಾಗುತ್ತಿದ್ದ ಕಾಲದಲ್ಲಿ, ಹತ್ತಿಯ ಬೆಲೆಯೊಡನೆ ಏರಿ ಅದರೊಡನೆಯೇ ಇಳಿದ ಮಹಾ ವ್ಯಾಪಾರಿಯೊಬ್ಬರಿದ್ದರು. ಅವರೇ ಶೇಠ್ ಪ್ರೇಮಚಂದ ರಾಯಚಂದರು. ಅವರ ಚರಿತ್ರೆಯನ್ನು ನಮ್ಮ ಪೇಟೆಗಳ ಜನರು ಅರಿತಿರುವುದು ಹಿತಕರವು.

೧೮೩೧ರಲ್ಲಿ ಸೂರತಿನ ಜೈನ ಮನೆತನವೊಂದರಲ್ಲಿ ಜನಿಸಿದ ಪ್ರೇಮಚಂದರು ಮುಂಬಯಿಗೆ ಬಂದು, ಇಂಗ್ಲಿಷ್ ಬಲ್ಲ ದೇಶೀ ದಲಾಲರು ವಿರಳವಾಗಿದ್ದ ಆ ದಿನಗಳಲ್ಲಿ ಆ ಭಾಷೆಯನ್ನು ಕಲಿತು, ದಲಾಲಿಯ ವೃತ್ತಿಯನ್ನು ಕೈಕೊಂಡರು. ಕೆಲವೇ ವರ್ಷಗಳಲ್ಲಿ ಹತ್ತಿ ಮತ್ತು ಷೇರುಗಳ ವ್ಯಾಪಾರದಲ್ಲಿ ಅಗ್ರಗಣ್ಯರೆನಿಸಿದರು.

೧೮೬೧ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಅಲ್ಲಿಯ ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಾಗಲು, ಲ್ಯಾಂಕಶಾಯರದ ಗಿರಣಿಗಳಿಗೆ ಹಿಂದುಸ್ಥಾನದ ಹತ್ತಿಯೇ ಗತಿಯಾಯಿತು. ಬೆಲೆಯು ಹಲವು ಪಟ್ಟು ಏರಿ ಮುಂಬಯಿಗೆ ಹಣವು ಹೊಳೆಯಾಗಿ ಹರಿಯಿತು. ಇಷ್ಟರವರೆಗಿನದು ನ್ಯಾಯವಾದ ಲಾಭ. ಆದರೆ ಸುಲಭವಾಗಿ ಬಂದ ಹಣವು ಸುಮ್ಮನೆ ಕೂಡ್ರದು. ಹೊಸ ಬ್ಯಾಂಕುಗಳೂ, ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳೂ ದಿನಕ್ಕೊಂದರಂತೆ ತಲೆಯೆತ್ತಿದವು. ಬ್ಯಾಕ್‌ಬೇ ಕಂಪನಿಯ ೫,೦೦೦ ರೂಪಾಯಿಯ ಷೇರು ೫೦,೦೦೦ಕ್ಕೆ ಮುಟ್ಟಿತು.

ಕೊಳ್ಳುವವರು ಕಂಪನಿಯ ಲೆಕ್ಕವನ್ನು ಕೇಳಲಿಲ್ಲ. ನೆರೆಯವನು ಕೊಂಡನೇ, ಪ್ರೇಮಚಂದರು ಕೊಂಡರೇ ಎಂದಷ್ಟೇ ಕೇಳಿದರು. ನಿನ್ನೆ ಏರಿದ್ದು ನಾಳೆಯೂ ಏರುವುದೆಂಬ ನಂಬಿಕೆಯೇ ಬಂಡವಾಳವಾಯಿತು. ಸರಕಾರದ ಆಶ್ರಯವಿದ್ದ ಬಾಂಬೆ ಬ್ಯಾಂಕು ಸಹ ಅವರ ಪ್ರಭಾವಕ್ಕೊಳಗಾಗಿ ಷೇರುಗಳ ಆಧಾರದ ಮೇಲೆ ಧಾರಾಳವಾಗಿ ಸಾಲ ಕೊಟ್ಟಿತು.

೧೮೬೫ರ ಎಪ್ರಿಲ್‌ನಲ್ಲಿ ಯುದ್ಧವು ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಜುಲೈ ೧ರಂದು ವಾಯಿದೆಯ ವ್ಯವಹಾರಗಳು ತೀರಬೇಕಾಗಿದ್ದವು. ಕೊಡಬೇಕಾದವರ ಕೈ ಬರಿದಾಗಿತ್ತು. ಏರುವಾಗ ಕೂಡಿ ಕೊಂಡವರು ಇಳಿಯುವಾಗ ಕೂಡಿಯೇ ಮಾರಲೆಳಸಿದರು, ಕೊಳ್ಳುವವರಿಲ್ಲ. ೨,೮೫೦ ರೂಪಾಯಿಗೇರಿದ್ದ ಬಾಂಬೆ ಬ್ಯಾಂಕಿನ ಷೇರು ೮೭ಕ್ಕಿಳಿಯಿತು. ೧೮೬೮ರಲ್ಲಿ ಆ ಬ್ಯಾಂಕೇ ಮುಚ್ಚಿತು. ಪ್ರೇಮಚಂದರೂ ೧೮೬೬ರಲ್ಲಿ ದಿವಾಳಿಯಾದರು.

ಆದರೆ ಅವರ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಮುಂಬಯಿ ವಿಶ್ವವಿದ್ಯಾಲಯಕ್ಕೆ ಅವರಿತ್ತ ದಾನದಿಂದ ತಾಯಿಯ ಹೆಸರಿನ ರಾಜಾಬಾಯಿ ಗೋಪುರವು ೧೮೭೮ರಲ್ಲಿ ಪೂರ್ಣವಾಯಿತು. ಕಲಕತ್ತೆಯ ವಿಶ್ವವಿದ್ಯಾಲಯದ ಪಂಡಿತವೇತನವೂ ಅವರ ಹೆಸರನ್ನು ಉಳಿಸಿತು. ೧೮೭೫ರಲ್ಲಿ ಷೇರು ದಲಾಲರ ಸಂಘವನ್ನು ಕಟ್ಟುವುದರಲ್ಲಿ ಅವರು ಮುಂದಾಳಾದರು. ೧೯೦೬ರಲ್ಲಿ ದಿವಂಗತರಾದರು.

ಕಾಲ ಬದಲಾದರೂ ಮನಸ್ಸು ಬದಲಾಗಿಲ್ಲ. ಹಿಂದಿನ ವರ್ಷದ ಧಾರಣೆಯನ್ನೇ ಮುಂದಿನ ವರ್ಷದ್ದೆಂದು ನಂಬಿ ಎಲ್ಲರೂ ಒಂದೇ ಬೆಳೆಯನ್ನು ಬಿತ್ತಿದರೆ ಬೆಲೆ ಉಳಿಯುವುದೆಂತು? ೨೦೨೪ರ ಮಾರ್ಚಿಯಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದು ರೈತರ ಕ್ಷೋಭೆಯು ಉಕ್ಕಿದ್ದನ್ನು ನಾವು ಕಂಡಿದ್ದೇವೆ. ಇಂದು ನೌಕರರೂ ವ್ಯಾಪಾರಿಗಳೂ ತಮ್ಮ ಉಳಿತಾಯವನ್ನು ಕೈಯೊಳಗಿನ ಫೋನಿನಿಂದಲೇ ಷೇರುಗಳಲ್ಲಿ ತೊಡಗಿಸುತ್ತಾರೆ. ಅದು ತಪ್ಪಲ್ಲ. ಆದರೆ ನೆರೆಯವನ ಲಾಭವನ್ನು ನೋಡಿ ಕೊಳ್ಳುವ ಮೊದಲು ಲೆಕ್ಕವನ್ನು ನೋಡಬೇಕು; ಸಾಲದ ಹಣದಿಂದಂತೂ ಕೊಳ್ಳಬಾರದು. ಪ್ರೇಮಚಂದರಂಥ ಚತುರರೇ ತಪ್ಪಿದ ದಾರಿಯಲ್ಲಿ ನಾವು ಕಣ್ಣು ಮುಚ್ಚಿ ನಡೆಯಲಾಗದು.