ಹ್ಯೂಮ್ ಮಹಾಶಯರ ಹಕ್ಕಿ

ಕಾಂಗ್ರೆಸ್ ಮಹಾಸಭೆಯ ಸ್ಥಾಪಕರಲ್ಲಿ ಅಗ್ರಗಣ್ಯರಾದ ಅಲನ್ ಆಕ್ಟೇವಿಯನ್ ಹ್ಯೂಮ್ ಮಹಾಶಯರು ಪಕ್ಷಿಶಾಸ್ತ್ರಕ್ಕೂ ಮಹೋಪಕಾರ ಮಾಡಿದರೆಂಬುದನ್ನು ಬಹುಜನರು ಅರಿಯರು. 1829ರಲ್ಲಿ ಜನಿಸಿ, 1849ರಲ್ಲಿ ಬಂಗಾಳದ ಸಿವಿಲ್ ಸರ್ವಿಸನ್ನು ಸೇರಿದ ಇವರು ಇಟಾವಾ ಜಿಲ್ಲೆಯಲ್ಲಿ ಬಡವರ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಮೇಲಧಿಕಾರಿಗಳ ಮುಖ ನೋಡದೆ ನುಡಿದು 1879ರಲ್ಲಿ ಸರ್ಕಾರದ ಕಾರ್ಯದರ್ಶಿಪದವಿಯನ್ನು ಕಳೆದುಕೊಂಡರು.

ಬಿಡುವಿನ ವೇಳೆಯಲ್ಲಿ ಹಕ್ಕಿಗಳನ್ನು ಸಂಗ್ರಹಿಸಿ, ದೊರೆತ ಸ್ಥಳವನ್ನೂ ದಿನವನ್ನೂ ಚೀಟಿಯಲ್ಲಿ ಬರೆದು ಕಟ್ಟಿಡುವುದು ಇವರ ಪದ್ಧತಿಯಾಗಿತ್ತು. 1867ರಲ್ಲಿ ಸಟ್ಲೆಜ್ ಕಣಿವೆಯಲ್ಲಿ ದೊರೆತ ನೀಳಕೊಕ್ಕಿನ ಕಂದುಬಣ್ಣದ ಪುಟ್ಟ ಹಕ್ಕಿಯೊಂದನ್ನು ಹೊಸ ಜಾತಿಯೆಂದು ಸಾರಿದರು. ಅಂಥದು ಮತ್ತೊಂದು ಸಿಕ್ಕದ ಕಾರಣ ಪಂಡಿತರ ಸಂಶಯವು ಶತಮಾನ ಕಳೆದರೂ ತೀರಲಿಲ್ಲ.

ಇವರ ಹಸ್ತಪ್ರತಿಗಳನ್ನು ಸೇವಕನೊಬ್ಬನು ಸಿಮ್ಲಾದ ಪೇಟೆಯಲ್ಲಿ ರದ್ದಿಯೆಂದು ಮಾರಿಬಿಟ್ಟನು. ಮನನೊಂದ ಹ್ಯೂಮರು, ಮಹಾಸಭೆಯು ಹುಟ್ಟಿದ 1885ರಲ್ಲಿಯೇ, 80,000ಕ್ಕೂ ಮೀರಿದ ಹಕ್ಕಿ-ಮೊಟ್ಟೆಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಿತ್ತರು. 1912ರಲ್ಲಿ ಲಂಡನ್ನಿನಲ್ಲಿ ಕಾಲವಾದರು.

2006ರಲ್ಲಿ ಥಾಯ್ಲೆಂಡಿನಲ್ಲಿ ಅಪರಿಚಿತ ಹಕ್ಕಿಯೊಂದು ಬಲೆಗೆ ಬಿದ್ದಿತು. ಅದನ್ನು ಹಿಡಿದವರು ಛಾಯಾಚಿತ್ರ ತೆಗೆದು, ಎರಡು ಗರಿಗಳನ್ನು ಉಳಿಸಿಕೊಂಡು, ಹಕ್ಕಿಯನ್ನು ಹಾರಲು ಬಿಟ್ಟರು. ಚಿತ್ರವನ್ನೂ ಗರಿಯ ವಂಶವಾಹಿಯನ್ನೂ ಪರೀಕ್ಷಿಸಲಾಗಿ, ಅದು ಹ್ಯೂಮರ ಹಕ್ಕಿಯೇ ಎಂದು ಸಿದ್ಧವಾಯಿತು. 1867ರ ಆ ಒಂದೇ ಮಾದರಿಯು ಚೀಟಿಸಹಿತ ಉಳಿಯದಿದ್ದರೆ, ಹೋಲಿಸಿ ನೋಡಲು ಏನಿರುತ್ತಿತ್ತು?

ಅಪರಿಚಿತ ಹಕ್ಕಿಯ ಚಿತ್ರ ತೆಗೆಯುವ ನಮ್ಮ ತರುಣರು ಸ್ಥಳ ದಿನಗಳನ್ನೂ ತಪ್ಪದೆ ಬರೆದಿಡಲಿ. ಭಾರತದ ಹಕ್ಕಿಯ ಸಾಕ್ಷ್ಯವನ್ನು ಕಾಣಲು ಭಾರತೀಯರು ಇಂದಿಗೂ ಇಂಗ್ಲೆಂಡಿಗೆ ಹೋಗಬೇಕಾಗಿದೆ. ಮುಂದಿನ ಸಾಕ್ಷ್ಯವಾದರೂ ನಮ್ಮಲ್ಲಿಯೇ ಉಳಿಯಲೆಂಬುದು ನಮ್ಮ ಹಾರೈಕೆ.