ಪ್ಯಾಪ್ ಟೆಸ್ಟ್‌ನಲ್ಲಿರೋ ಪ್ಯಾಪ್ ಯಾರು? ಕಾರ್ಪೆಟ್ ಮಾರಲು ನಿಂತಿದ್ದ ಡಾಕ್ಟರ್ ಕಥೆ

ಶಿವಮೊಗ್ಗ: ಸವಳಂಗ ರಸ್ತೆಯ ಕ್ಲಿನಿಕ್ ಇರಲಿ, ಭದ್ರಾವತಿಯ ಆಸ್ಪತ್ರೆ ಇರಲಿ, ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಪ್ಯಾಪ್ ಟೆಸ್ಟ್ ಅಂತ ಚೀಟಿ ಬರೆದುಕೊಟ್ಟರೆ, ಅದು ಒಬ್ಬ ಮನುಷ್ಯನ ಹೆಸರು. ಡಾ. ಜಾರ್ಜ್ ಪಾಪನಿಕೊಲಾವ್.

ಹುಟ್ಟಿದ್ದು 1883ರಲ್ಲಿ, ಗ್ರೀಸ್‌ನಲ್ಲಿ. 1913ರಲ್ಲಿ ಪತ್ನಿ ಮೇರಿ ಜೊತೆ ನ್ಯೂಯಾರ್ಕ್‌ಗೆ ಬಂದಾಗ ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ಡಾಕ್ಟರ್ ಓದಿದವರು ಅಂಗಡಿಯಲ್ಲಿ ಕಾರ್ಪೆಟ್ ಮಾರಲು ನಿಂತರು. ಮೇರಿ ಗುಂಡಿ ಹೊಲಿದರು.

ಮುಂದೆ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಲ್ಯಾಬ್ ಸೇರಿದರು. ಮೇರಿ ಸಂಬಳವಿಲ್ಲದೆ ಅಲ್ಲೇ ದುಡಿದರು, ಪರೀಕ್ಷೆಗೆ ವರ್ಷಗಟ್ಟಲೆ ತಮ್ಮದೇ ಮಾದರಿ ಕೊಟ್ಟರು. ಕ್ಯಾನ್ಸರ್ ಇದ್ದ ಮಹಿಳೆಯರ ಸ್ಲೈಡ್‌ನಲ್ಲಿ ರೂಪಗೆಟ್ಟ ಜೀವಕೋಶ ಕಂಡವು. 1928ರಲ್ಲಿ ಇದನ್ನು ಹೇಳಿದಾಗ ವೈದ್ಯರು ಅಷ್ಟಾಗಿ ಕಿವಿಗೊಡಲಿಲ್ಲ. 1941ರಲ್ಲಿ ಡಾ. ಹರ್ಬರ್ಟ್ ಟ್ರೌಟ್ ಜೊತೆ ಪುರಾವೆ ಸಮೇತ ಪ್ರಕಟಿಸಿದ ಮೇಲೆ ನಂಬಿದರು.

1962ರ ಫೆಬ್ರವರಿ 19ರಂದು ತೀರಿಕೊಂಡರು. ಈ ಕ್ಯಾನ್ಸರ್ ಹಿಂದೆ ಎಚ್‌ಪಿವಿ ವೈರಸ್ ಇದೆ ಅನ್ನೋದು ಗೊತ್ತಾಗಿದ್ದು 1980ರ ದಶಕದಲ್ಲಿ.

ಸೋಂಕು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತೆ. ಅಷ್ಟರೊಳಗೆ ಟೆಸ್ಟ್‌ನಲ್ಲಿ ಸಿಕ್ಕಿಬಿದ್ರೆ ಚಿಕಿತ್ಸೆ ಸುಲಭ. ಮನೆ ಹೆಣ್ಮಕ್ಕಳು ನೋವು ಬರೋ ತನಕ ಕಾಯೋದು ಬೇಡ.