ಮತದ ಲಕ್ಷಣವನ್ನು ಹುಡುಕಿದ ಪಂಡಿತ ಮ್ಯಾಕ್ಸ್ ಮುಲ್ಲರರು

ಮತವೆಂದರೇನು? ಈ ಪ್ರಶ್ನೆಯನ್ನು ಚಿಕ್ಕ ಬಾಲಕಿಯೂ ಕೇಳಬಹುದು. ಆದರೆ ಅದಕ್ಕೆ ತಕ್ಕ ಉತ್ತರವನ್ನು ಹುಡುಕುವದರಲ್ಲಿ ಮಹಾಪಂಡಿತರು ತಮ್ಮ ಆಯುಷ್ಯವನ್ನೇ ಕಳೆದಿದ್ದಾರೆ. ಅಂಥವರಲ್ಲಿ ಒಬ್ಬರಾದ ಮ್ಯಾಕ್ಸ್ ಮುಲ್ಲರರ ಜೀವಿತವನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ಅವರ ತಂದೆತಾಯಿಗಳ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ಇವರು 1823ನೆಯ ಇಸವಿ ಡಿಸೆಂಬರ್ 6ನೆಯ ತಾರೀಖಿನಲ್ಲಿ ಜರ್ಮನಿ ದೇಶದ ದೆಸ್ಸೌ ಪಟ್ಟಣದಲ್ಲಿ ಜನಿಸಿದರು. ಕವಿಯಾಗಿದ್ದ ತಂದೆಯು ಮಗನಿಗೆ ನಾಲ್ಕು ವರ್ಷ ತುಂಬುವದಕ್ಕೆ ಮೊದಲೇ ತೀರಿಕೊಂಡನು. ವಿಧವೆಯಾದ ತಾಯಿಯು ಬಡತನದಲ್ಲಿಯೇ ಮಕ್ಕಳನ್ನು ಬೆಳೆಸಿದಳು. ಲೈಪ್ಜಿಗ್ ನಗರದಲ್ಲಿ ಸಂಸ್ಕೃತವನ್ನು ಕಲಿತ ಮುಲ್ಲರರು 1845ರಲ್ಲಿ ಪ್ಯಾರಿಸಿಗೆ ಹೋಗಿ, ಬುರ್ನೂಫ್ ಎಂಬ ಗುರುಗಳ ಪ್ರೇರಣೆಯಿಂದ, ಋಗ್ವೇದವನ್ನು ಸಾಯಣಭಾಷ್ಯದೊಡನೆ ಅಚ್ಚು ಹಾಕಿಸುವ ಕಾರ್ಯವನ್ನು ಕೈಕೊಂಡರು. ಮರುವರ್ಷ ಇಂಗ್ಲೆಂಡಿಗೆ ಬಂದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯವರು ಅದರ ವೆಚ್ಚವನ್ನು ವಹಿಸಲೊಪ್ಪಿದರು. ಮೊದಲನೆಯ ಸಂಪುಟವು 1849ರಲ್ಲಿಯೂ ಆರನೆಯದು 1874ರಲ್ಲಿಯೂ ಹೊರಬಿದ್ದವು. ಹೀಗೆ 25 ವರ್ಷ ದುಡಿದ ಇವರು ಭರತಖಂಡವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಲಿಲ್ಲ.

1860ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಸ್ಕೃತ ಪೀಠಕ್ಕೆ ಇವರು ಅಭ್ಯರ್ಥಿಯಾದರು. ಪರದೇಶದವರೆಂದೂ ವಿಶ್ವಾಸದ ವಿಷಯದಲ್ಲಿ ಸ್ವತಂತ್ರ ವಿಚಾರದವರೆಂದೂ ಅನೇಕರು ಸಂಶಯಪಟ್ಟರು. ಮೋನಿಯರ್ ವಿಲಿಯಮ್ಸರಿಗೆ 833 ಓಟುಗಳೂ ಇವರಿಗೆ 610 ಓಟುಗಳೂ ಬಂದವು. ಈ ಆಶಾಭಂಗದಿಂದ ಇವರು ಬಹಳವಾಗಿ ನೊಂದರು. ಆದಾಗ್ಯೂ ಕೆಲಸವನ್ನು ಬಿಡಲಿಲ್ಲ. 1868ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ತೌಲನಿಕ ಭಾಷಾಶಾಸ್ತ್ರದ ಮೊದಲನೆಯ ಅಧ್ಯಾಪಕರಾದರು.

1870ರಲ್ಲಿ ಲಂಡನಿನಲ್ಲಿ ಉಪನ್ಯಾಸಗಳನ್ನು ಮಾಡಿ, ಭಾಷೆಗಳನ್ನು ಹೋಲಿಸಿ ನೋಡುವಂತೆಯೇ ಮತಗಳನ್ನೂ ಹೋಲಿಸಿ ಅಭ್ಯಾಸಮಾಡಬೇಕೆಂದು ಬೋಧಿಸಿದರು. ಒಂದೇ ಮತವನ್ನು ಬಲ್ಲವನು ಮತವೆಂಬುದನ್ನೇ ಅರಿಯನೆಂಬುದು ಇವರ ಅಭಿಪ್ರಾಯವಾಗಿತ್ತು. ಅನಂತವಾದದ್ದನ್ನು ಗ್ರಹಿಸುವ ಮನುಷ್ಯಶಕ್ತಿಯೇ ಮತಕ್ಕೆ ಮೂಲವೆಂದು ಇವರು ಲಕ್ಷಣ ಹೇಳಿದರು. ಅದೇ ಕಾಲದಲ್ಲಿ, 1871ರಲ್ಲಿ, ಟೈಲರ್ ಎಂಬ ವಿದ್ವಾಂಸರು ಆತ್ಮರೂಪಿಗಳಲ್ಲಿ ಇಡುವ ನಂಬಿಕೆಯೇ ಮತವೆಂದರು.

ಮುಲ್ಲರರ ಮಾತಿಗೆ ಆಕ್ಷೇಪಣೆಗಳು ಹುಟ್ಟಿದವು. ನಕ್ಷತ್ರಗಳನ್ನೂ ಸಮುದ್ರವನ್ನೂ ನೋಡಿ ಅನಂತವನ್ನು ನೆನೆದ ಮಾತ್ರಕ್ಕೆ ಒಬ್ಬನು ಭಕ್ತನಾಗುವನೋ? ಈ ಲಕ್ಷಣದಲ್ಲಿ ನಡತೆಗೆ ಸ್ಥಳವೆಲ್ಲಿ? ಪ್ರಸಿದ್ಧಿಗೆ ಬಂದ ಪಂಡಿತರು ಇಂಥ ಮಾತಿಗೆ ಕಿವಿಗೊಡುವದು ಅಪರೂಪ. ಮುಲ್ಲರರಾದರೋ 1888ರಲ್ಲಿ ಗ್ಲಾಸ್ಗೋ ನಗರದ ಉಪನ್ಯಾಸಗಳಲ್ಲಿ ತಮ್ಮ ಲಕ್ಷಣವನ್ನು ತಾವೇ ತಿದ್ದಿದರು: ಮನುಷ್ಯನ ನೈತಿಕ ಸ್ವಭಾವವನ್ನು ಮಾರ್ಪಡಿಸಬಲ್ಲ ಅನಂತದ ಅರಿವಿಗೆ ಮಾತ್ರವೇ ಮತವೆಂಬ ಹೆಸರು ಸಲ್ಲುವದೆಂದರು. ಆಗ ಅವರಿಗೆ 60 ವರ್ಷ ಮೀರಿತ್ತು.

ಇವರ ಸಂಪಾದಕತ್ವದಲ್ಲಿ 1879ರಿಂದ ಪೂರ್ವದೇಶಗಳ ಪವಿತ್ರ ಗ್ರಂಥಗಳ ಇಂಗ್ಲಿಷ್ ಭಾಷಾಂತರಗಳು ಹೊರಬರತೊಡಗಿದವು; 50 ಸಂಪುಟಗಳ ಈ ಮಾಲೆಯು ಇವರ ಮರಣಾನಂತರ, 1910ರಲ್ಲಿ, ಪೂರ್ತಿಯಾಯಿತು. ಘಟ್ಟದ ಮೇಲಿನ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಇವರ ಮನೆಯಲ್ಲಿ ಆದರದ ಆತಿಥ್ಯವನ್ನು ಪಡೆದರೆಂಬುದು ನಮ್ಮ ಹೆಣ್ಣುಮಕ್ಕಳು ನೆನಪಿಡತಕ್ಕ ಸಂಗತಿ. 1900ನೆಯ ಇಸವಿ ಅಕ್ಟೋಬರ್ 28ರಂದು ಮುಲ್ಲರರು ಆಕ್ಸ್‌ಫರ್ಡಿನಲ್ಲಿ ನಿಧನ ಹೊಂದಿದರು.

ಇವರ ತರುವಾಯ ಬಂದವರು ಬೇರೆ ಬೇರೆ ಲಕ್ಷಣಗಳನ್ನು ಹೇಳಿದ್ದಾರೆ. ಎಲ್ಲರೂ ಒಪ್ಪುವಂಥದು ಇನ್ನೂ ದೊರೆತಿಲ್ಲ. ನಮ್ಮ ಕನ್ನಡದಲ್ಲಿ ಮತವೆಂಬ ಮಾತು ಅಭಿಪ್ರಾಯವನ್ನೂ ಧರ್ಮವೆಂಬ ಮಾತು ನಡತೆಯನ್ನೂ ಸೂಚಿಸುತ್ತವೆ. ಈ ಎರಡನ್ನೂ ಒಂದುಗೂಡಿಸದೆ ಉತ್ತರವು ಪೂರ್ಣವಾಗದೆಂದು ಆ ಪಂಡಿತರು ಮುಪ್ಪಿನಲ್ಲಿ ಕಂಡುಕೊಂಡರು. ಈಗ ತಾಯಂದಿರಾಗಿರುವ ನಮ್ಮ ವಿದ್ಯಾರ್ಥಿನಿಯರನ್ನು ಅವರ ಮಕ್ಕಳು ಇದೇ ಪ್ರಶ್ನೆಯನ್ನು ಕೇಳುವ ದಿನ ಬರುವದು. ಅಂದು ಬಾಯಿಂದ ಹೇಳುವ ಉತ್ತರಕ್ಕಿಂತ ಮನೆಯಲ್ಲಿ ನಡೆದು ತೋರಿಸುವ ಉತ್ತರವನ್ನೇ ಮಕ್ಕಳು ಹೆಚ್ಚಾಗಿ ನಂಬುವರೆಂದು ನಾವು ತಿಳಿಯುತ್ತೇವೆ.